ಕಲಾಯಿ ಹಾಕಿದ ಕಣಗಳು

(ದುರ್ಗಿಗುಡಿಯಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ. ಸಮಯದ ಅಭಾವದಿಂದ ಅಂದು ಹೇಳಲಾಗದ ಕೆಲವು ಮಾತುಗಳನ್ನು ಇಲ್ಲಿ ಸೇರಿಸಿದ್ದೇನೆ.)



ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು ಇವತ್ತು ವಿಜ್ಞಾನದ ಬಗ್ಗೆ ಮಾತನಾಡುತ್ತಾರೆಂದು ಆಹ್ವಾನ ಪತ್ರಿಕೆಯಲ್ಲಿ ನೋಡಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಅಳುಕಿದೆ. ನಾನು ಬಿ.ಎ. ಓದಿ ಬಿ.ಎಡ್. ಮಾಡಿದವನು. ರಸಾಯನಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವನು. ಆದರೆ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಕೊಟ್ಟ ಒಂದು ತಪ್ಪು ಉತ್ತರ ಎರಡು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲು ಹೋಗಿ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪ್ರಶ್ನೆ ಬಹಳ ಸಣ್ಣದು. ನಮ್ಮ ಶಾಲೆಯ ಅಂಗಳದಲ್ಲಿ ಬಿಳಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಬೇಸಿಗೆಯಿಡೀ ಬಿಸಿಲಿನಲ್ಲೇ ಇದ್ದವು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅದರಲ್ಲಿ ಕುಳಿತು ಎದ್ದಾಗ ಅವಳ ಕಪ್ಪು ದುಪಟ್ಟಾದ ತುಂಬ ಬಿಳಿ ಪುಡಿ. "ಸರ್, ಈ ಕುರ್ಚಿ ಯಾಕೆ ಸುಣ್ಣ ಬಿಡುತ್ತೆ?" ಎಂದು ಕೇಳಿದಳು. "ಬಣ್ಣ ಬಿಡ್ತಿದೆ ಅಷ್ಟೆ, ಒರೆಸ್ಕೋ ಹೋಗು" ಎಂದೆ. ಅವಳು ಹೋಗಲಿಲ್ಲ. "ಬಣ್ಣ ಮೇಲೆ ಬಳಿದಿಲ್ಲವಲ್ಲ ಸರ್, ಮುರಿದರೆ ಒಳಗೂ ಬಿಳಿಯೇ ಇರುತ್ತಲ್ಲ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಅವಳು ಸುಮ್ಮನೆ ಕೇಳಿರಲಿಲ್ಲ. ಅವಳ ತಂದೆ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವವರು. ಅದೇ ವರ್ಷ ಒಂದು ನಿಕಾಹ್ ಮಂಟಪದಲ್ಲಿ ಅವರ ಕುರ್ಚಿಯೊಂದರ ಕಾಲು ಇದ್ದಕ್ಕಿದ್ದಂತೆ ಮುರಿದು ವಯಸ್ಸಾದ ಹೆಂಗಸೊಬ್ಬರು ಬಿದ್ದು ಕೈಯ ಮೂಳೆ ಮುರಿದುಕೊಂಡರು. ಆಸ್ಪತ್ರೆಯ ಖರ್ಚು ಈ ಮನುಷ್ಯನೇ ಕೊಟ್ಟರು. ಅದಕ್ಕಿಂತ ದೊಡ್ಡ ನಷ್ಟ ಹೆಸರಿನದು. ಕುರ್ಚಿಗಳು ಕೊಂಡು ಎರಡು ವರ್ಷವೂ ಆಗಿರಲಿಲ್ಲ, ನೋಡಲು ಹೊಸದರಂತೆಯೇ ಇದ್ದವು. ಅಂಥ ಇನ್ನೂರು ಕುರ್ಚಿಗಳನ್ನು ಗುಜರಿಗೆ ಹಾಕಿದರು. ಒಂದು ದಿನ ಶಾಲೆಗೆ ಬಂದಾಗ ನನ್ನನ್ನು ಕೇಳಿದರು: "ನೀವೆಲ್ಲ ಓದಿದವರು. ಹೇಳಿ ಸಾಹೇಬ್ರೆ, ಗಟ್ಟಿಯಾಗಿ ಕಾಣೋ ಕುರ್ಚಿ ಒಳಗೊಳಗೇ ಹೇಗೆ ಸತ್ತಿತು?"

ಈ ಪ್ರಶ್ನೆಯನ್ನು ಹಿಡಿದು ನನಗೆ ಪರಿಚಯವಿದ್ದ ರಸಾಯನಶಾಸ್ತ್ರದ ಅಧ್ಯಾಪಕರ ಮನೆ ಬಾಗಿಲು ತಟ್ಟಿದೆ. ಅವರು ಚಹಾ ಕೊಟ್ಟು, ಒಂದು ಹಾಳೆ ತೆಗೆದುಕೊಂಡು, "ಮೊದಲು ಲೋಹದ ಆಕ್ಸೈಡ್ ಅಂದರೆ ಏನು ಹೇಳಿ" ಎಂದರು.

ಲೋಹದ ಆಕ್ಸೈಡ್ ಎಂದರೆ ಲೋಹ ಮತ್ತು ಆಮ್ಲಜನಕ ಕೂಡಿ ಆದ ವಸ್ತು. ಹೆಸರು ಹೊಸದು, ವಸ್ತು ನಮಗೆ ಹಳೆಯದು. ಕಬ್ಬಿಣಕ್ಕೆ ಹಿಡಿಯುವ ತುಕ್ಕು, ಉರ್ದುವಿನಲ್ಲಿ ನಾವು ಜಂಗ್ ಎನ್ನುವುದು, ಕಬ್ಬಿಣದ ಆಕ್ಸೈಡೇ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಲಿಗೆ ತಂಪಾಗಿರುವ ಕೆಂಪು ನೆಲಕ್ಕೆ ಗಾರೆಯವರು ರೆಡಾಕ್ಸೈಡ್ ಎಂದೇ ಕರೆಯುತ್ತಾರೆ. ಭದ್ರಾವತಿಯವರಿಗಂತೂ ಇದನ್ನು ವಿವರಿಸಬೇಕಾಗಿಯೇ ಇಲ್ಲ. 1923ರಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿದ ಅಲ್ಲಿನ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಆ ಊರಿನ ಹೆಸರಿನಲ್ಲೇ ಕೆಂಪು ಮಣ್ಣಿದೆ, ಅಂದರೆ ಆಕ್ಸೈಡ್ ಇದೆ. ಕುಲುಮೆಯ ಕೆಲಸವೆಂದರೆ ಆ ಮಣ್ಣಿನಿಂದ ಆಮ್ಲಜನಕವನ್ನು ಕಿತ್ತು ಲೋಹವನ್ನು ಬಿಡಿಸುವುದು. ನಾನು ಹೇಳಹೊರಟಿರುವ ಕಥೆಯಲ್ಲಿ ಆಮ್ಲಜನಕವನ್ನು ಕೀಳುವುದಿಲ್ಲ, ಆಕ್ಸೈಡನ್ನೇ ಉಳಿಸಿಕೊಂಡು ಅದನ್ನು ಅತಿ ಸಣ್ಣದು ಮಾಡುತ್ತಾರೆ.

ಪ್ಲಾಸ್ಟಿಕ್ಕಿನ ಲೋಕದಲ್ಲಿ ಮುಖ್ಯವಾದ ಎರಡು ಆಕ್ಸೈಡುಗಳಿವೆ. ಒಂದು ಸತುವಿನ ಆಕ್ಸೈಡ್. ಸತುವಿಗೆ ಉರ್ದುವಿನಲ್ಲಿ ಜಸ್ತ್ ಎನ್ನುತ್ತಾರೆ, ಅದರ ಬಿಳಿ ಪುಡಿಗೆ ಬಣ್ಣದ ಅಂಗಡಿಯಲ್ಲಿ ಸಫೇದಾ ಎನ್ನುತ್ತಾರೆ. ಹಳೆಯ ಪೇಂಟರುಗಳನ್ನು ಕೇಳಿ ನೋಡಿ. ನಿಮ್ಮ ಸೈಕಲ್ಲಿನ ಟೈರಿನಲ್ಲಿಯೂ ಅದಿದೆ, ಗಂಧಕ ಸೇರಿಸಿ ರಬ್ಬರನ್ನು ಗಟ್ಟಿ ಮಾಡುವಾಗ ಆ ಕ್ರಿಯೆಯನ್ನು ಅದು ಚುರುಕುಗೊಳಿಸುತ್ತದೆ. ಇನ್ನೊಂದು ಟೈಟಾನಿಯಂ ಡೈಆಕ್ಸೈಡ್. ಕೇರಳದ ಚವರದ ಕಡಲತೀರದ ಕಪ್ಪು ಮರಳಿನಿಂದ ಇದನ್ನು ತೆಗೆಯುತ್ತಾರೆ. ಅಷ್ಟು ಕಪ್ಪು ಮರಳಿನಿಂದ ಜಗತ್ತಿನ ಅತ್ಯಂತ ಬಿಳಿಯ ಪುಡಿಗಳಲ್ಲೊಂದು ಬರುತ್ತದೆ ಎನ್ನುವುದು ನನಗೆ ಇನ್ನೂ ಅಚ್ಚರಿಯ ಸಂಗತಿಯೇ. ಗೋಡೆಯ ಬಣ್ಣ, ಪಿವಿಸಿ ಕಿಟಕಿ, ಬಿಳಿ ಬಕೆಟ್ಟು, ಬಿಳಿ ಕುರ್ಚಿ, ಎಲ್ಲದರ ಬಿಳುಪೂ ಹೆಚ್ಚಾಗಿ ಇದರದೇ.

ಈಗ ಗಾತ್ರದ ವಿಷಯ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಟೈಟಾನಿಯಂ ಡೈಆಕ್ಸೈಡಿನ ಕಣ 200ರಿಂದ 300 ನ್ಯಾನೋಮೀಟರಿನಷ್ಟಿದ್ದಾಗ ಕಣ್ಣಿಗೆ ಕಾಣುವ ಬೆಳಕನ್ನು ಅತ್ಯಂತ ಚೆನ್ನಾಗಿ ಚದುರಿಸುತ್ತದೆ, ಆದ್ದರಿಂದ ಬೆಳ್ಳಗೆ ಕಾಣುತ್ತದೆ. ಅದೇ ಕಣವನ್ನು ಇನ್ನೂ ಸಣ್ಣದು ಮಾಡಿ 20-30 ನ್ಯಾನೋಮೀಟರಿಗೆ ಇಳಿಸಿದರೆ ಬಿಳುಪು ಮಾಯವಾಗಿಬಿಡುತ್ತದೆ! ಪ್ಲಾಸ್ಟಿಕ್ಕಿನಲ್ಲಿ ಚೆನ್ನಾಗಿ ಬೆರೆಸಿದರೆ ಬಹುಮಟ್ಟಿಗೆ ಪಾರದರ್ಶಕ. ಆದರೆ ಬಿಸಿಲಿನ ಅತಿನೇರಳೆ ಕಿರಣವನ್ನು ಮಾತ್ರ ತಡೆದು ಹೀರುತ್ತದೆ. ಸತುವಿನ ಆಕ್ಸೈಡೂ ಹೀಗೆಯೇ. ಅಂದರೆ ಕಣ್ಣಿಗೆ ಕಾಣದ ಕೊಡೆಯೊಂದನ್ನು ಪ್ಲಾಸ್ಟಿಕ್ಕಿನ ಒಳಗೇ ಬಿಚ್ಚಿಟ್ಟಂತೆ. ಆಹಾರ ಕಟ್ಟುವ ಪಾರದರ್ಶಕ ಹಾಳೆ, ಹಸಿರುಮನೆಯ ಹೊದಿಕೆ, ಮರದ ಮೇಲಿನ ವಾರ್ನಿಷು, ಇಂಥಲ್ಲಿ ಇದರ ಉಪಯೋಗ.

ಸಣ್ಣದಾದಷ್ಟೂ ಇನ್ನೊಂದು ಬದಲಾವಣೆಯಾಗುತ್ತದೆ, ಅದೇ ಇವತ್ತಿನ ಮಾತಿನ ತಿರುಳು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಸಕ್ಕರೆ ಗಡ್ಡೆಯಂಥದೊಂದನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಗಡ್ಡೆಗಳಾಗುವವರೆಗೆ ಕತ್ತರಿಸುತ್ತಾ ಹೋದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಐದು 30-40ರ ಸೈಟುಗಳಿಗಿಂತ ಹೆಚ್ಚು! ವಿದ್ಯಾರ್ಥಿಗಳು ಮನೆಯಲ್ಲಿ ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು, ನನ್ನ ಮಾತನ್ನು ನಂಬಬಾರದು. ನಾನೂ ಮೊದಲು ನಂಬಿರಲಿಲ್ಲ. ಬೆರಳ ತುದಿಯಷ್ಟು ವಸ್ತುವಿಗೆ ಐದು ಸೈಟಿನಷ್ಟು ಮೈ ಬಂದಮೇಲೆ, ಆ ವಸ್ತುವಿನ ಗುಣವನ್ನೆಲ್ಲ ಆ ಮೈಯೇ ನಿರ್ಧರಿಸುತ್ತದೆ.

ಇಂಥ ಕಣಗಳನ್ನು ಮಾಡುವುದು ಹೇಗೆ? ಕುಟ್ಟಿ ಪುಡಿ ಮಾಡುವುದು ಒಂದು ದಾರಿ, ಆದರೆ ಕುಟ್ಟಿದಷ್ಟೂ ಖರ್ಚು, ಕಲ್ಮಶ. ಬೇರೆ ದಾರಿಗಳಲ್ಲಿ ಕಣವನ್ನು ಕೆಳಗಿನಿಂದ ಕಟ್ಟುತ್ತಾರೆ. ಸತುವಿನ ಲವಣದ ದ್ರಾವಣಕ್ಕೆ ಕ್ಷಾರ ಸೇರಿಸಿದರೆ ಬಿಳಿ ಗಸಿ ಕೆಳಗಿಳಿಯುತ್ತದೆ, ಅದನ್ನು ತೊಳೆದು ಕಾಯಿಸಿದರೆ ಆಕ್ಸೈಡ್. ದೊಡ್ಡ ಕಾರ್ಖಾನೆಗಳಲ್ಲಿ ಟೈಟಾನಿಯಂ ಕ್ಲೋರೈಡಿನ ಆವಿಯನ್ನು ಜ್ವಾಲೆಯೊಳಗೆ ಹಾಯಿಸಿ ಹೊಗೆಯಂತೆ ಹಗುರವಾದ ಪುಡಿಯನ್ನು ಹಿಡಿಯುತ್ತಾರೆ. ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ರಾಜ್ಯದಲ್ಲೇ ಹುಟ್ಟಿದ ಒಂದು ದಾರಿಯಿದೆ, ಅದನ್ನು ಮಾತ್ರ ಬಿಡಿಸಿ ಹೇಳಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಾರೆ. ಅಲ್ಲಿ ಪ್ರೊ. ಕೆ.ಸಿ. ಪಾಟೀಲ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಜೆ.ಜೆ. ಕಿಂಗ್ಸ್ಲೆ 1988ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ಎರಡನ್ನೂ ಸ್ವಲ್ಪ ನೀರಿನಲ್ಲಿ ಕರಗಿಸಿ, 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ ಏನಾಗುತ್ತದೆ ಎಂಬುದು ಅದರ ವಿಷಯ. ಯೂರಿಯಾ ಎಂದರೆ ಬೇರೇನೂ ಅಲ್ಲ, ನಮ್ಮ ರೈತರು ಗದ್ದೆಗೆ ಎರಚುವ ಅದೇ ಗೊಬ್ಬರ. ದ್ರಾವಣ ಮೊದಲು ಕುದಿಯುತ್ತದೆ, ನೊರೆ ಬರುತ್ತದೆ, ಆಮೇಲೆ ಒಮ್ಮೆಲೇ ಹೊತ್ತಿಕೊಂಡು ಬೆಳ್ಳಗೆ ಉರಿಯುತ್ತದೆ. ಉರಿಯುವಾಗ ಶಾಖ ಕುಲುಮೆಯ ಶಾಖವನ್ನು ಎಷ್ಟೋ ಮೀರಿ 1000 ಡಿಗ್ರಿ ದಾಟುತ್ತದೆ. ಐದು ನಿಮಿಷದೊಳಗೆ ಎಲ್ಲ ಮುಗಿದು, ಪಾತ್ರೆಯ ತುಂಬ ಅರಳಿನಂತೆ ಉಬ್ಬಿದ ಬಿಳಿ ಅಲ್ಯೂಮಿನ ಉಳಿಯುತ್ತದೆ. ಸಾಮಾನ್ಯ ವಿಧಾನದಲ್ಲಿ ಆ ಬಗೆಯ ಗಟ್ಟಿ ಅಲ್ಯೂಮಿನ ಬೇಕೆಂದರೆ 1100 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಬೇಕು.

ಇದು ಹೇಗೆ ಸಾಧ್ಯವಾಯಿತು? ನೈಟ್ರೇಟಿನಲ್ಲಿ ಆಮ್ಲಜನಕ ತುಂಬಿದೆ, ಯೂರಿಯಾ ಉರಿಯುವ ವಸ್ತು. ಸೌದೆ ಮತ್ತು ಗಾಳಿ ಎರಡೂ ಒಂದೇ ಪಾತ್ರೆಯಲ್ಲಿ ಕೂಡಿದಂತೆ. ಎರಡು ಅಣು ಅಲ್ಯೂಮಿನಿಯಂ ನೈಟ್ರೇಟಿಗೆ ಐದು ಅಣು ಯೂರಿಯಾ ಸೇರಿಸಿದರೆ ಒಂದು ಅಣು ಅಲ್ಯೂಮಿನ ಬರುತ್ತದೆ, ಅದರ ಜೊತೆ 8 ಸಾರಜನಕ, 5 ಇಂಗಾಲದ ಡೈಆಕ್ಸೈಡ್, 10 ನೀರಾವಿ, ಹೀಗೆ ಒಟ್ಟು 23 ಅಣು ಅನಿಲ ಹೊರಡುತ್ತದೆ. ಒಂದಕ್ಕೆ ಇಪ್ಪತ್ಮೂರು! ಆ ಅನಿಲದ ನೂಕಾಟದಲ್ಲಿ ಘನವಸ್ತು ಒಂದೆಡೆ ಸೇರಿ ದೊಡ್ಡದಾಗಲು ಅವಕಾಶವೇ ಸಿಗುವುದಿಲ್ಲ. ಚದುರಿ ಸಣ್ಣದಾಗಿಯೇ ಉಳಿಯುತ್ತದೆ. ಈ ವಿಧಾನಕ್ಕೆ ದ್ರಾವಣ ದಹನ ವಿಧಾನ ಎಂದು ಹೆಸರಾಯಿತು. ಯೂರಿಯಾದ ಬದಲು ಗ್ಲೈಸಿನ್ ಮುಂತಾದ ಇಂಧನಗಳನ್ನು ಬಳಸಿ ಟೈಟಾನಿಯಂ, ಸತು, ಸೀರಿಯಂ ಎಷ್ಟೋ ಆಕ್ಸೈಡುಗಳನ್ನು ಮಾಡಿದರು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಇದನ್ನು ಅನುಸರಿಸಿದವು. 2008ರಲ್ಲಿ ಪಾಟೀಲರು ಮತ್ತು ಸಂಗಡಿಗರು ಈ ಬಗ್ಗೆ ಒಂದು ಪೂರ್ಣ ಗ್ರಂಥವನ್ನೇ ಹೊರತಂದರು. ತುಮಕೂರು ವಿಶ್ವವಿದ್ಯಾಲಯದ ಸಂಶೋಧಕರು ಬೇಲಿಯ ಕಳ್ಳಿಯ ಹಾಲನ್ನೇ ಇಂಧನವಾಗಿ ಬಳಸಿದ್ದುಂಟು.

ಒಂದು ಎಚ್ಚರಿಕೆ. ನೈಟ್ರೇಟ್ ಮತ್ತು ಇಂಧನದ ಮಿಶ್ರಣ ಸಿಡಿಯಬಲ್ಲದು, ಬರುವ ಹೊಗೆಯೂ ಒಳ್ಳೆಯದಲ್ಲ. ಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಇದನ್ನು ಮಾಡಿ ನೋಡಲು ಯಾರೂ ಹೋಗಬೇಡಿ. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಈ ವಿಧಾನದಲ್ಲಿ ಬರುವ ಪುಡಿಯ ಕಣಗಳು ಸಣ್ಣವಾದರೂ ಒಂದಕ್ಕೊಂದು ಅಂಟಿ ಗೊಂಚಲಾಗಿರುತ್ತವೆ. ಪ್ಲಾಸ್ಟಿಕ್ಕಿಗೆ ಬೇಕಾದಷ್ಟು ಟನ್ನುಗಟ್ಟಲೆ ಮಾಲನ್ನು ಕಾರ್ಖಾನೆಗಳು ಹೆಚ್ಚಾಗಿ ಗಸಿ ಇಳಿಸುವ ವಿಧಾನದಲ್ಲೋ ಜ್ವಾಲೆಯ ವಿಧಾನದಲ್ಲೋ ತಯಾರಿಸುತ್ತವೆ. ನಮ್ಮ ನಾಡಿನದು ಎಂಬ ಅಭಿಮಾನಕ್ಕೆ ಇಲ್ಲದ್ದನ್ನು ಹೇಳಬಾರದು. ಆದರೆ ಒಂದು ಗಾಜಿನ ಪಾತ್ರೆ, ಒಂದು ಸಣ್ಣ ಕುಲುಮೆ, ಗೊಬ್ಬರದ ಯೂರಿಯಾ, ಇಷ್ಟರಲ್ಲೇ ಜಗತ್ತು ತಿರುಗಿ ನೋಡುವ ಕೆಲಸ ಬೆಂಗಳೂರಿನಲ್ಲಿ ಆಯಿತು ಎಂಬುದು, ದೊಡ್ಡ ಯಂತ್ರಗಳಿಲ್ಲ ಎಂದು ಕೊರಗುವ ನಮ್ಮ ಕಾಲೇಜಿನ ಹುಡುಗರಿಗೆ ತಿಳಿದಿರಬೇಕು.

ಇನ್ನು ಪ್ಲಾಸ್ಟಿಕ್ಕಿನೊಳಗೆ ಹೋಗೋಣ. ಪುಡಿ ಸಿದ್ಧವಾಯಿತು, ಪ್ಲಾಸ್ಟಿಕ್ ಕರಗಿಸಿ ಅದರಲ್ಲಿ ಸುರಿದರಾಯಿತು ಎಂದುಕೊಂಡಿರಾ? ಆಗುವುದಿಲ್ಲ. ಗಂಟು ಕಟ್ಟುತ್ತದೆ. ಆಕ್ಸೈಡಿನ ಮೈ ಮೇಲೆ ಆಮ್ಲಜನಕ-ಜಲಜನಕದ ಗುಂಪುಗಳು ಕುಳಿತಿರುತ್ತವೆ, ಅವು ನೀರನ್ನು ಪ್ರೀತಿಸುತ್ತವೆ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳು ಎಣ್ಣೆಯ ಜಾತಿ, ನೀರನ್ನು ಹತ್ತಿರ ಸೇರಿಸುವುದಿಲ್ಲ. ಕಣಗಳು ಪ್ಲಾಸ್ಟಿಕ್ಕಿನ ಜೊತೆ ಬೆರೆಯುವ ಬದಲು ತಮ್ಮತಮ್ಮಲ್ಲೇ ಕೈ ಹಿಡಿದು ಮುದ್ದೆಯಾಗುತ್ತವೆ. 20 ನ್ಯಾನೋಮೀಟರಿನ ಕಣಕ್ಕೆ ಹಣ ಕೊಟ್ಟು ಸಾವಿರಾರು ನ್ಯಾನೋಮೀಟರಿನ ಗಂಟನ್ನು ಪ್ಲಾಸ್ಟಿಕ್ಕಿನಲ್ಲಿ ಇಟ್ಟಂತಾಯಿತು. ಕೊಡೆ ಬಿಚ್ಚಲೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಗಂಟು ಇರುವ ಜಾಗದಿಂದಲೇ ಬಿರುಕು ಶುರುವಾಗುತ್ತದೆ.

ತಾಯಂದಿರಿಗೆ ಇದರ ಪರಿಹಾರ ಗೊತ್ತಿದೆ. ರವೆಯನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೆ ಗಂಟಾಗುತ್ತದೆ. ಮೊದಲು ತುಪ್ಪದಲ್ಲಿ ಹುರಿದು, ಪ್ರತಿ ಕಾಳಿನ ಮೈಗೂ ತುಪ್ಪ ಹತ್ತಿದ ಮೇಲೆ ನೀರು ಹಾಕಿದರೆ ಹಲ್ವ ಉದುರುದುರಾಗುತ್ತದೆ. ಕಾರ್ಖಾನೆಯವರು ಮಾಡುವುದೂ ಅದನ್ನೇ. ಸ್ಟಿಯರಿಕ್ ಆಮ್ಲ ಎಂಬ ಮೇಣದಂಥ ಕೊಬ್ಬಿನ ಆಮ್ಲವನ್ನು ಕಣದ ಮೈಗೆ ಹತ್ತಿಸುತ್ತಾರೆ. ಪಿವಿಸಿ ಪೈಪಿಗೆ ಹಾಕುವ ಸುಣ್ಣದ ಕಲ್ಲಿನ ಪುಡಿಗೂ ಇದೇ ಉಪಚಾರ. ಇನ್ನೂ ಗಟ್ಟಿ ಸಂಬಂಧ ಬೇಕಾದಲ್ಲಿ ಸಿಲೇನ್ ಎಂಬ ವಸ್ತುಗಳನ್ನು ಬಳಸುತ್ತಾರೆ. ಸಿಲೇನಿಗೆ ಎರಡು ತುದಿ. ಒಂದು ತುದಿ ಆಕ್ಸೈಡಿನ ಮೈ ಮೇಲಿರುವ ಗುಂಪಿನ ಜೊತೆ ರಾಸಾಯನಿಕವಾಗಿ ಕೂಡಿ ಬಿಡದಂತೆ ಹಿಡಿದುಕೊಳ್ಳುತ್ತದೆ. ಇನ್ನೊಂದು ತುದಿ ಎಣ್ಣೆಯ ಜಾತಿಯದು, ಪ್ಲಾಸ್ಟಿಕ್ಕಿನ ಸರಪಳಿಗಳ ನಡುವೆ ಹೊಕ್ಕು ಕೂರುತ್ತದೆ. ಎರಡು ಮನೆತನದ ಮಾತೂ ಬಲ್ಲ ಮಧ್ಯಸ್ಥನ ಹಾಗೆ. ಎರಡು ಭಾಷೆಯ ಮೇಷ್ಟ್ರಾದ ನನಗೆ ಸಿಲೇನ್ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ.

ಹೀಗೆ ಉಪಚಾರ ಮಾಡಿದ ಪುಡಿಯನ್ನು ಸ್ವಲ್ಪ ಪ್ಲಾಸ್ಟಿಕ್ಕಿನಲ್ಲಿ ದಟ್ಟವಾಗಿ ಅರೆದು ಕಾಳುಗಳನ್ನಾಗಿ ಮಾಡುತ್ತಾರೆ. ಅದಕ್ಕೆ ಮಾಸ್ಟರ್‌ಬ್ಯಾಚ್ ಎಂದು ಹೆಸರು. ಮೊಸರಿಗೆ ಹೆಪ್ಪು ಹಾಕುವಂತೆ, ಕುರ್ಚಿ ಮಾಡುವವನು ಆ ಕಾಳುಗಳನ್ನು ಸಾದಾ ಪ್ಲಾಸ್ಟಿಕ್ಕಿಗೆ ಅಳತೆಯಲ್ಲಿ ಬೆರೆಸುತ್ತಾನೆ.

ಈಗ ಕುರ್ಚಿಯ ಪ್ರಶ್ನೆಗೆ ಬಂದೆ. ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆ ಕಿರಣವನ್ನು ತಡೆಯುತ್ತದೆ ಎಂದೆನಲ್ಲ, ತಡೆದದ್ದನ್ನು ಏನು ಮಾಡುತ್ತದೆ? ಆ ಕಿರಣ ಬಿದ್ದಾಗ ಕಣದೊಳಗಿನ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಜಿಗಿಯುತ್ತದೆ, ಹಿಂದೆ ಒಂದು ಖಾಲಿ ಜಾಗ ಉಳಿಯುತ್ತದೆ. ಎರಡೂ ಸೇರಿಕೊಂಡರೆ ತೊಂದರೆಯಿಲ್ಲ, ಶಾಖವಾಗಿ ಹೋಗುತ್ತದೆ. ಸೇರದೆ ಕಣದ ಮೈಗೆ ಬಂದುಬಿಟ್ಟರೆ, ಅಲ್ಲಿರುವ ಗಾಳಿಯ ತೇವ ಮತ್ತು ಆಮ್ಲಜನಕದ ಜೊತೆ ಸೇರಿ ಬಹಳ ಉಗ್ರವಾದ ರಾಸಾಯನಿಕ ತುಣುಕುಗಳನ್ನು ಹುಟ್ಟಿಸುತ್ತವೆ. ಅವು ಹತ್ತಿರದಲ್ಲಿ ಏನಿದ್ದರೂ ಕತ್ತರಿಸುತ್ತವೆ. ಜಪಾನಿನ ಫುಜಿಶಿಮ ಮತ್ತು ಹೋಂಡ ಎಂಬ ವಿಜ್ಞಾನಿಗಳು 1972ರಲ್ಲಿ ಇದೇ ಆಕ್ಸೈಡಿನ ಮೇಲೆ ಬೆಳಕು ಬೀಳಿಸಿ ನೀರನ್ನೇ ಒಡೆದು ತೋರಿಸಿದ್ದರು. ಇದು ಒಳ್ಳೆಯ ಗುಣವೂ ಹೌದು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಹೆಗ್ಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ ದಹನ ವಿಧಾನದಲ್ಲಿ ಮಾಡಿದ ಟೈಟಾನಿಯಂ ಡೈಆಕ್ಸೈಡಿನಿಂದ ನೀರಿನಲ್ಲಿದ್ದ ಬಣ್ಣಗಳನ್ನು ಬೆಳಕಿನಲ್ಲಿ ಒಡೆದು ತೋರಿಸಿತು. ಕೊಳಕು ನೀರಿನಲ್ಲಿ ಬಣ್ಣವನ್ನು ಕತ್ತರಿಸಿದರೆ ಉಪಕಾರ. ಕುರ್ಚಿಯೊಳಗೆ ಪ್ಲಾಸ್ಟಿಕ್ಕಿನ ಸರಪಳಿಯನ್ನು ಕತ್ತರಿಸಿದರೆ?

ಬೇಲಿಯೇ ಎದ್ದು ಹೊಲ ಮೇಯ್ದಂತೆ. ಬಿಸಿಲಿಗೆ ಅಡ್ಡವಾಗಿ ನಿಂತ ಕಣವೇ ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೇಲಿನ ಪದರ ಸವೆದು, ಹಿಡಿತ ತಪ್ಪಿದ ಕಣಗಳು ಪುಡಿಯಾಗಿ ಉದುರುತ್ತವೆ. ದುಪಟ್ಟಾಕ್ಕೆ ಹತ್ತಿದ ಬಿಳಿ ಪುಡಿ ಅದು. ಸಣ್ಣ ಕಣಗಳಲ್ಲಿ ಮೈ ಹೆಚ್ಚು ಎಂದು ಮೊದಲೇ ಲೆಕ್ಕ ಹಾಕಿದ್ದೇವೆ, ಆದ್ದರಿಂದ ನ್ಯಾನೋ ಕಣಗಳಲ್ಲಿ ಈ ಹಾವಳಿಯೂ ಹೆಚ್ಚು.

ಇದನ್ನು ನಿಲ್ಲಿಸುವುದು ಹೇಗೆ ಎಂದು ಅಧ್ಯಾಪಕರು ವಿವರಿಸುತ್ತಿದ್ದಾಗ ನನಗೆ ನನ್ನ ದಾದಾ ನೆನಪಾದರು. ಅವರು ಕಲಾಯಿ ಹಾಕುತ್ತಿದ್ದವರು. ದುರ್ಗಿಗುಡಿಯ ಓಣಿಗಳಲ್ಲಿ, ಭದ್ರಾವತಿಯ ಪೇಪರ್ ಟೌನ್, ನ್ಯೂ ಟೌನಿನ ಕ್ವಾರ್ಟರ್ಸುಗಳಲ್ಲಿ "ಕಲಾಯ್, ಪಾತ್ರೆಗೆ ಕಲಾಯ್" ಎಂದು ಕೂಗುತ್ತಾ ಹೋಗುತ್ತಿದ್ದರು. ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿ ಸಾರು ಮಾಡಿದರೆ ಕಿಲುಬು ಬಂದು ಸಾರು ವಿಷವಾಗುತ್ತದೆ. ಪಾತ್ರೆ ಬೇಕು, ಹುಳಿಯೂ ಬೇಕು, ಎರಡೂ ಒಂದನ್ನೊಂದು ಮುಟ್ಟಬಾರದು. ದಾದಾ ಬೀದಿಯಲ್ಲೇ ಗುಂಡಿ ತೋಡಿ, ತಿದಿಯೊತ್ತಿ, ಪಾತ್ರೆಯನ್ನು ಕಾಯಿಸುತ್ತಿದ್ದರು. ಅದಕ್ಕೂ ಮೊದಲು ಮರಳು ಹಾಕಿ, ನನ್ನ ಅಬ್ಬಾ ಹುಡುಗನಾಗಿದ್ದಾಗ ಅವರನ್ನು ದೊಡ್ಡ ಹಂಡೆಯೊಳಗೆ ನಿಲ್ಲಿಸಿ ಕಾಲಿನಲ್ಲಿ ತಿರುಗಿಸಿ ತಿರುಗಿಸಿ ಉಜ್ಜಿಸುತ್ತಿದ್ದರಂತೆ. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ. ಲೋಹದ ಮೇಲಿನ ಆಕ್ಸೈಡಿನ ಪೊರೆಯನ್ನು ನವಸಾಗರ ತೆಗೆದುಹಾಕುತ್ತದೆ. ಆಗ ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯೊಳಗೆ ಬೆಳ್ಳಿಯ ಹೊಳಪು. ನವಸಾಗರ ಕಡಿಮೆಯಾದ ಜಾಗದಲ್ಲಿ ತವರ ಹಿಡಿಯುವುದಿಲ್ಲ. ಒಂದು ಕಾಳಿನಷ್ಟು ಜಾಗ ಬಿಟ್ಟುಹೋದರೂ ಅಲ್ಲಿಂದಲೇ ಕಿಲುಬು ಶುರು ಎಂದು ದಾದಾ ಬೈಯುತ್ತಿದ್ದರಂತೆ.

ಪುಸ್ತಕಗಳಲ್ಲಿ ಇದನ್ನು ಮೇಲ್ಮೈ ಸಂಸ್ಕರಣೆ ಎಂದು ಬರೆಯುತ್ತಾರೆ. ನಾನು ಕಲಾಯಿ ಎಂದೇ ಕರೆಯುತ್ತೇನೆ. ಅರಬ್ಬಿಯಿಂದ ಉರ್ದುವಿಗೆ, ಉರ್ದುವಿನಿಂದ ಕನ್ನಡಕ್ಕೆ ಬಂದು ಯಾರಿಗೂ ಹೊರಗಿನದು ಅನ್ನಿಸದ ಮಾತದು.

ಟೈಟಾನಿಯಂ ಡೈಆಕ್ಸೈಡಿಗೆ ಹಾಕುವ ಕಲಾಯಿ ತವರದ್ದಲ್ಲ, ಸಿಲಿಕ ಮತ್ತು ಅಲ್ಯೂಮಿನದ್ದು. ಕಣಗಳನ್ನು ನೀರಿನಲ್ಲಿ ಚೆನ್ನಾಗಿ ಕದಡಿ, ಗಂಟು ಬಿಡಿಸಿ, ಅದಕ್ಕೆ ಸೋಡಿಯಂ ಸಿಲಿಕೇಟ್ ಹಾಕುತ್ತಾರೆ. ಆಮೇಲೆ ಆಮ್ಲವನ್ನು ಬಹಳ ನಿಧಾನವಾಗಿ ಬಿಡುತ್ತಾರೆ. ಆಗ ಸಿಲಿಕ ಒಂದೊಂದು ಕಣದ ಸುತ್ತಲೂ ತೆಳ್ಳನೆಯ ಪೊರೆಯಾಗಿ ಕೂರುತ್ತದೆ. ಅವಸರ ಮಾಡಿದರೆ ಸಿಲಿಕ ಕಣವನ್ನು ಬಿಟ್ಟು ನೀರಿನಲ್ಲಿ ತಾನೇ ಬೇರೆಯಾಗಿ ಗಸಿಯಾಗುತ್ತದೆ, ಕಲಾಯಿ ಹಿಡಿಯುವುದಿಲ್ಲ. ಅನಂತರ ಸೋಡಿಯಂ ಅಲ್ಯುಮಿನೇಟ್ ಹಾಕಿ ಅಲ್ಯೂಮಿನದ ಇನ್ನೊಂದು ಪದರ. ಸೋಸಿ, ತೊಳೆದು, ಒಣಗಿಸಿ, ಮತ್ತೆ ಅರೆದು, ಕೊನೆಗೆ ಸಿಲೇನ್ ಅಥವಾ ಬೇರೆ ಸಾವಯವ ವಸ್ತುವಿನ ಲೇಪ. ಒಳಗಿನ ಪದರ ಪ್ಲಾಸ್ಟಿಕ್ಕನ್ನು ಕಣದಿಂದ ಕಾಪಾಡುತ್ತದೆ, ಹೊರಗಿನ ಲೇಪ ಕಣವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸುತ್ತದೆ. ಜೊತೆಗೆ ಟೈಟಾನಿಯಂ ಡೈಆಕ್ಸೈಡಿನ ಎರಡು ಹರಳು ರೂಪಗಳಲ್ಲಿ ಹಾವಳಿ ಕಡಿಮೆ ಇರುವ ರುಟೈಲ್ ಎಂಬುದನ್ನೇ ಹೊರಾಂಗಣದ ಮಾಲಿಗೆ ಆರಿಸುತ್ತಾರೆ. ಅನಟೇಸ್ ಎಂಬ ಇನ್ನೊಂದು ರೂಪ ಬಿಸಿಲಿನಲ್ಲಿ ಬಹಳ ಚುರುಕು.

ಈ ಪ್ರತಿಯೊಂದು ಹೆಜ್ಜೆಗೂ ಖರ್ಚಿದೆ. ಅಗ್ಗದ ಮಾಲಿನಲ್ಲಿ ಬಿಟ್ಟುಹೋಗುವುದು ಇದೇ ಹೆಜ್ಜೆಗಳು. ಕಣ್ಣಿಗೆ ಎರಡೂ ಕುರ್ಚಿ ಒಂದೇ ಬಿಳಿ! ಆದರೆ ನಮ್ಮ ಹುಡುಗಿಯ ತಂದೆಯ ಕುರ್ಚಿ ಇದೊಂದೇ ಕಾರಣಕ್ಕೆ ಮುರಿಯಿತು ಎಂದು ನಾನು ಹೇಳಲಾರೆ. ಪಾಲಿಪ್ರೊಪಿಲೀನ್ ತಾನೂ ಬಿಸಿಲಿಗೆ ಹಾಳಾಗುವ ವಸ್ತು. ಬಿಸಿಲು ತಡೆಯುವ ಬೇರೆ ರಾಸಾಯನಿಕಗಳನ್ನು ಹಾಕದಿದ್ದರೆ, ಹಳೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆರೆಸಿದ್ದರೆ, ಸುಣ್ಣದ ಕಲ್ಲಿನ ಪುಡಿಯನ್ನು ಮಿತಿಮೀರಿ ತುಂಬಿದ್ದರೆ ಆಗಲೂ ಹೀಗೆಯೇ ಆಗುತ್ತದೆ. ಕಪ್ಪು ನೀರಿನ ಟ್ಯಾಂಕುಗಳು ಬಿಸಿಲಿನಲ್ಲಿ ಹೆಚ್ಚು ವರ್ಷ ಬಾಳುವುದು ಅದರಲ್ಲಿರುವ ಮಸಿಯಿಂದ, ಮಸಿ ಬೆಳಕನ್ನು ಹೀರಿ ಸುಮ್ಮನಿರುತ್ತದೆ, ಯಾರನ್ನೂ ಕತ್ತರಿಸುವುದಿಲ್ಲ. ಪುಡಿ ಬಿಡುವ ಕುರ್ಚಿ ಎಂದರೆ ಒಳಗೆ ಸರಪಳಿಗಳು ಕತ್ತರಿಸಿವೆ ಎಂಬ ಸೂಚನೆ, ಅಂಥದ್ದರ ಮೇಲೆ ವಯಸ್ಸಾದವರನ್ನು ಕೂರಿಸಬಾರದು. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ನಿಕಾಹ್ ನಡೆಯುವ ಮುಂಚೆ ಯಾರಾದರೂ ನಮಗೆ ಇಷ್ಟು ಹೇಳಿದ್ದರೆ ಆ ತಾಯಿಯ ಕೈ ಉಳಿಯುತ್ತಿತ್ತು.

ಈ ಪುಡಿಗಳ ಅಪಾಯವನ್ನೂ ಮುಚ್ಚಿಡಬಾರದು. ಪ್ಲಾಸ್ಟಿಕ್ಕಿನಲ್ಲಿ ಬಂಧಿಯಾಗಿದ್ದಾಗ ಕಣ ನಮಗೆ ಹತ್ತುವುದಿಲ್ಲ, ಆದರೆ ಅದನ್ನು ತುಂಬುವ, ಬೆರೆಸುವ ಕೆಲಸಗಾರನ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಟೈಟಾನಿಯಂ ಡೈಆಕ್ಸೈಡಿನ ಪುಡಿಯನ್ನು ಉಸಿರಾಡುವುದು ಕ್ಯಾನ್ಸರಿಗೆ ಕಾರಣವಾಗಬಹುದಾದವುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇರಿಸಿದೆ. ತಿಂಡಿಯ ಬಿಳುಪಿಗೆ ಇದನ್ನು ಬಳಸುವುದನ್ನು ಯುರೋಪಿನ ಒಕ್ಕೂಟ 2022ರಲ್ಲಿ ನಿಲ್ಲಿಸಿತು. ನಮ್ಮ ಹುಡುಗರು ಪ್ಲಾಸ್ಟಿಕ್, ಬಣ್ಣ, ಗುಜರಿಯ ಕೆಲಸಗಳಲ್ಲಿ ಎಷ್ಟು ಜನ ಇದ್ದಾರೆಂಬುದು ಈ ಸಭೆಗೆ ಗೊತ್ತು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಇಷ್ಟು ಸಣ್ಣ ಕಣಕ್ಕೆ ಸರಿಯಾದ ಮಾಸ್ಕು, ಧೂಳು ಎಳೆಯುವ ಯಂತ್ರ ಬೇಕು. ಮಾಲೀಕರನ್ನು ಕೇಳಿ ಪಡೆಯಿರಿ.

ಓದುವ ಆಸಕ್ತಿ ಇರುವವರಿಗೆ ಒಂದೆರಡು ಮಾತು. ಪ್ಲಾಸ್ಟಿಕ್ ತಂತ್ರಜ್ಞಾನವನ್ನೇ ಕಲಿಸುವ ಸಿಪೆಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಮೈಸೂರಿನಲ್ಲಿದೆ. ಎಸ್ಸೆಸ್ಸೆಲ್ಸಿ ಆದವರಿಗೂ ಅಲ್ಲಿ ಡಿಪ್ಲೊಮಾಗಳಿವೆ. ರಸಾಯನಶಾಸ್ತ್ರದಲ್ಲಿ ಮುಂದೆ ಹೋಗುವವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಬೆಂಗಳೂರಿನ ಜಕ್ಕೂರಿನಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರವಿದೆ. 2014ರಲ್ಲಿ ಭಾರತ ರತ್ನ ಪಡೆದ ಅವರು ಜೀವಮಾನವಿಡೀ ದುಡಿದದ್ದು ಬಹುಮಟ್ಟಿಗೆ ಲೋಹದ ಆಕ್ಸೈಡುಗಳ ಮೇಲೆಯೇ.

ಆ ಹುಡುಗಿ ಈಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. "ಕುರ್ಚಿ ಎಣಿಸೋಕೆ ಬಿಎಸ್ಸಿ ಬೇಕಾ?" ಎಂದು ಅವಳ ತಂದೆ ಮೊದಲು ಕೇಳಿದ್ದರು. ಕಳೆದ ಮಳೆಗಾಲದಲ್ಲಿ ಹೊಸ ಕುರ್ಚಿ ಕೊಳ್ಳಲು ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದರಂತೆ. ಅವಳು ಅಂಗಡಿಯವನಿಗೆ, ಇದು ಹೊಸ ಪ್ಲಾಸ್ಟಿಕ್ಕೋ ಹಳೆಯದರದ್ದೋ, ಬಿಸಿಲಿಗೆ ಏನು ಹಾಕಿದ್ದೀರಿ, ಎಷ್ಟು ವರ್ಷದ ಗ್ಯಾರಂಟಿ ಬರೆದುಕೊಡುತ್ತೀರಿ ಎಂದು ಕೇಳಿದಳಂತೆ. ಮೊದಲ ಎರಡು ಅಂಗಡಿಯಲ್ಲಿ ನಕ್ಕರು. ಮೂರನೆಯವನು ಕಂಪನಿಗೆ ಫೋನ್ ಮಾಡಿದ. ಬಿಎಸ್ಸಿಯ ಮಾತು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆ ತಂದೆ ಇವತ್ತು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ನೀವೀಗ ಕುಳಿತಿರುವ ಕುರ್ಚಿಗಳೂ ಅವರವೇ.

ಗುಜರಿಗೆ ಹೋದ ಕುರ್ಚಿಗಳಲ್ಲಿ ಒಂದನ್ನು ನಾನು ಕೇಳಿ ಇಟ್ಟುಕೊಂಡಿದ್ದೆ. ಅದರ ಒಂದು ತುಂಡು, ಹೊಸ ಕುರ್ಚಿಯ ಕಂಪನಿಯವರು ಕಳಿಸಿಕೊಟ್ಟ ಮಾದರಿಯ ಒಂದು ತುಂಡು, ಎರಡನ್ನೂ ಜನವರಿಯಿಂದ ನಮ್ಮ ಶಾಲೆಯ ತಾರಸಿಯ ಮೇಲೆ ತಂತಿಯಲ್ಲಿ ಕಟ್ಟಿ ಬಿಸಿಲಿಗೆ ಇಟ್ಟಿದ್ದೇವೆ. ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ವಿದ್ಯಾರ್ಥಿಗಳು ಕಪ್ಪು ಬಟ್ಟೆಯಿಂದ ಎರಡನ್ನೂ ಒರೆಸಿ, ಬಟ್ಟೆಯ ಮೇಲೆ ತಾರೀಖು ಬರೆದು ಗೋಡೆಗೆ ಅಂಟಿಸುತ್ತಾರೆ. ನೋಡಬೇಕೆನ್ನುವವರು ಬರಬಹುದು. ಬಟ್ಟೆ ಮುಗಿಯುತ್ತಾ ಬಂದಿದೆ, ಟೈಲರ್ ಅಂಗಡಿ ಇರುವವರು ಕಪ್ಪು ಚೂರುಗಳಿದ್ದರೆ ದಯವಿಟ್ಟು ತೆಗೆದಿಡಿ.